ಡೈವೋರ್ಸಿಗೂ ವಿಲ್‌ಗೂ ಒಂದೇ ವಕೀಲರು: ಐದರಲ್ಲಿ ನಾಲ್ಕು ಸ್ಟಾರ್

ಫ್ಯಾಮಿಲಿ ಕೇಸುಗಳನ್ನಷ್ಟೇ ನೋಡುವ ಒಬ್ಬ ವಕೀಲೆಯ ಆಫೀಸಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲು ಡೈವೋರ್ಸಿಗೆ, ಎರಡು ವರ್ಷ ಬಿಟ್ಟು ವಿಲ್ ಬರೆಸಲು. ಹೆಸರು ಹಾಕುವುದಿಲ್ಲ. ಹಾಕಿದರೆ ನನ್ನ ಮಾಜಿ ಗಂಡ, ಮಗಳು ಎಲ್ಲರೂ ಜೊತೆಗೇ ಬಂದುಬಿಡುತ್ತಾರೆ.

ಕಾಯಿಸುತ್ತಾರೆ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹನ್ನೊಂದಕ್ಕೆ ಬನ್ನಿ ಅಂದವರು ಒಳಗೆ ಕರೆದದ್ದು ಹನ್ನೆರಡೂಕಾಲಿಗೆ. ಅಲ್ಲಿ ಕೂತವರು ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಎಲ್ಲರ ತೊಡೆಯ ಮೇಲೂ ಒಂದೊಂದು ಫೈಲು.

ನಾವಿಬ್ಬರೂ ಮಾತಾಡಿಕೊಂಡು ಒಪ್ಪಿಯೇ ಬೇರೆಯಾಗುತ್ತಿದ್ದೆವು. ಹಾಗಾಗಿ ಒಂದು ಹಾಳೆಯಲ್ಲಿ ಎಲ್ಲ ಬರೆದುಕೊಂಡು ಹೋಗಿದ್ದೆ. ಮಗಳು ನನ್ನ ಜೊತೆ. ಭಾನುವಾರ ಅಪ್ಪನ ಜೊತೆ. ದುಡ್ಡು ಏನೂ ಬೇಡ. ಮೇಡಂ ಪೆನ್ಸಿಲ್ ತೆಗೆದು 'ಭಾನುವಾರ'ದ ಕೆಳಗೆ ಗೆರೆ ಎಳೆದರು.

"ಎಷ್ಟು ಗಂಟೆಯಿಂದ? ಮಗುವಿಗೆ ಜ್ವರ ಬಂದರೆ? ಬೇಸಿಗೆ ರಜೆ ಯಾರ ಹತ್ತಿರ? ಪಾಸ್‌ಪೋರ್ಟ್ ಯಾರ ಬೀರುವಿನಲ್ಲಿ ಇರುತ್ತೆ?"

ನನಗೆ ಸಿಟ್ಟು ಬಂತು. "ನಾವು ಜಗಳ ಆಡೋರಲ್ಲ ಮೇಡಂ" ಅಂದೆ. "ಅದಕ್ಕೇ ಈಗಲೇ ಬರೆಯೋಣ" ಅಂದರು.

ಎಂಟು ತಿಂಗಳಾದ ಮೇಲೆ ಒಂದು ಭಾನುವಾರ ಮಗಳಿಗೆ ನಿಜಕ್ಕೂ ಜ್ವರ ಬಂತು. ತಪ್ಪಿದ ದಿನಕ್ಕೆ ಮುಂದಿನ ಶನಿವಾರ ಅಂತ ಬರೆದಿತ್ತು. ಒಂದು ಮೆಸೇಜ್ ಹಾಕಿದೆ, ಅವಳ ಅಪ್ಪ ಸರಿ ಅಂದರು, ಮುಗೀತು. ಕಸ್ಟಡಿ ಆದೇಶ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಮಗುವಿನ ಒಳಿತಿಗೆ ಬೇಕಾದರೆ ಮತ್ತೆ ಕೋರ್ಟಿಗೆ ಹೋಗಿ ಬದಲಿಸಿಕೊಳ್ಳಬಹುದು ಅಂತಲೂ ಮೇಡಂ ಆವತ್ತೇ ಹೇಳಿದ್ದರು.

'ದುಡ್ಡು ಏನೂ ಬೇಡ' ಅನ್ನುವ ಸಾಲನ್ನು ಮಾತ್ರ ಪೂರ್ತಿ ಹೊಡೆದುಹಾಕಿದರು. "ನಿಮ್ಮ ಜೀವನಾಂಶ ಬೇಡ ಅನ್ನಿ, ನಿಮ್ಮಿಷ್ಟ. ಮಗುವಿನದ್ದು ಬೇಡ ಅನ್ನೋಕೆ ನೀವು ಯಾರು?" ಮಗುವಿನ ಖರ್ಚು ಕೇಳುವ ಹಕ್ಕು ಮಗುವಿನದು, ಅದನ್ನು ಅಮ್ಮ ಸಹಿ ಹಾಕಿ ಬಿಟ್ಟುಕೊಡಲು ಆಗುವುದಿಲ್ಲವಂತೆ. ನನ್ನ ಸ್ವಾಭಿಮಾನದ ಬಿಲ್ಲನ್ನು ಮಗಳ ಹೆಸರಿಗೆ ಬರೆಯುತ್ತಿದ್ದೆ, ಅಲ್ವಾ?

ಇವರಿಗಿಂತ ಮೊದಲು ನೋಡಿದ ಇನ್ನೊಬ್ಬ ವಕೀಲರು ಒಂದೇ ತಿಂಗಳಲ್ಲಿ ಮುಗಿಸಿಕೊಡುತ್ತೇನೆ ಅಂದಿದ್ದರು. ಇವರು ಅಂಥ ಮಾತು ಕೊಡಲಿಲ್ಲ. ನಮ್ಮದು ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಆದ ಮದುವೆ. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕುವ ಮೊದಲು ಒಂದು ವರ್ಷ ಬೇರೆ ಇದ್ದಿರಬೇಕು. ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ ನಿಜ, ಆದರೆ ಮಾಡುವುದು ಬಿಡುವುದು ಜಡ್ಜ್‌ಗೆ ಬಿಟ್ಟಿದ್ದು. ನಾವು ಕಾದೆವು.

ಎರಡನೇ ಸಲ ಹೋದದ್ದರ ಹಿಂದೆ ಒಂದು ವೆಬ್‌ಸೈಟಿನ ಕತೆ ಇದೆ. ಹದಿನೈದು ನಿಮಿಷದಲ್ಲಿ ವಿಲ್ ರೆಡಿ ಅನ್ನುವ ಸೇವೆ. ಮಗುವಿಗೆ ಗಾರ್ಡಿಯನ್ ಯಾರು ಅಂತ ಕೇಳಿತು, ಅಕ್ಕನ ಹೆಸರು ಹಾಕಿದೆ. ಮಗುವಿನ ಅಪ್ಪ ಇದ್ದಾರಾ ಅಂತ ಅದು ಕೇಳಲೇ ಇಲ್ಲ. ಚೆಂದದ ಪಿಡಿಎಫ್ ಬಂತು.

ಮೇಡಂ ಅದನ್ನು ಓದಿ ಕನ್ನಡಕ ತೆಗೆದಿಟ್ಟರು. 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯಲ್ಲಿ ಅಪ್ಪ ಸಹಜ ಗಾರ್ಡಿಯನ್, ಅಂದರೆ ಯಾರೂ ನೇಮಿಸದೆಯೇ ಕಾನೂನು ಒಪ್ಪುವ ಪೋಷಕ. ಅವರು ಬದುಕಿದ್ದು, ಆ ಹಕ್ಕು ಕಳೆದುಕೊಳ್ಳದೇ ಇರುವಾಗ, ಅಮ್ಮ ವಿಲ್‌ನಲ್ಲಿ ಬೇರೆಯವರನ್ನು ಗಾರ್ಡಿಯನ್ ಮಾಡಿದರೆ ಅದು ನಿಲ್ಲುವುದಿಲ್ಲ. ಕಸ್ಟಡಿ ನನ್ನ ಹತ್ತಿರ ಇದೆ ಅನ್ನುವುದು ನಾನು ಸತ್ತ ಮೇಲೆ ಅಕ್ಕನಿಗೆ ದಾಟುವುದಿಲ್ಲ. ನಾನು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

"ನಿಮಗೆ ಭಯ ಇರೋದು ಮಗು ಅವರ ಹತ್ತಿರ ಹೋಗುತ್ತೆ ಅಂತಾನಾ, ದುಡ್ಡು ಅವರ ಕೈಗೆ ಹೋಗುತ್ತೆ ಅಂತಾನಾ?"

ಯೋಚಿಸಿ ನೋಡಿದರೆ ದುಡ್ಡೇ. ಅವರು ಒಳ್ಳೆಯ ಅಪ್ಪ, ಲೆಕ್ಕದಲ್ಲಿ ಮಾತ್ರ ಸೊನ್ನೆ. ಅದಕ್ಕೆ ದಾರಿ ಇತ್ತು. ಆಸ್ತಿಯನ್ನು ನೇರವಾಗಿ ಮಗಳಿಗೆ ಕೊಡದೆ ವಿಲ್‌ನಲ್ಲೇ ಒಂದು ಟ್ರಸ್ಟ್ ಮಾಡಿ, ಅಕ್ಕ ಟ್ರಸ್ಟಿ (ಅದನ್ನು ನೋಡಿಕೊಳ್ಳುವವಳು), ಫೀಸು ಮತ್ತು ಆಸ್ಪತ್ರೆ ಖರ್ಚಿಗೆ ಅದರಿಂದ ಹಣ, ಉಳಿದದ್ದು ಮಗಳಿಗೆ 25 ತುಂಬಿದ ಮೇಲೆ.

ಆಮೇಲೆ ಕೇಳಿದ್ದು ನಾಮಿನಿ. ನಾನು ಮರೆತೇಬಿಟ್ಟಿದ್ದೆ. ಎರಡು ಬ್ಯಾಂಕ್ ಖಾತೆ, ಒಂದು ವಿಮೆ, ಮೂರರಲ್ಲೂ ಮಾಜಿ ಗಂಡನ ಹೆಸರು. ಡೈವೋರ್ಸ್ ಆದ ಕೂಡಲೇ ಅದು ತಾನಾಗಿ ಅಳಿಸಿಹೋಗುವುದಿಲ್ಲ. ಬ್ಯಾಂಕಿನಲ್ಲಿ ನಾಮಿನಿ ಅಂದರೆ ಹಣ ಪಡೆದುಕೊಳ್ಳುವವರು ಅಷ್ಟೇ, ಒಡೆಯರಲ್ಲ. ಷೇರಿನ ವಿಷಯದಲ್ಲೂ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಹಾಗಂತ ನನ್ನ ಅಕ್ಕ ನಾಳೆ ನನ್ನ ಮಾಜಿ ಗಂಡನ ಹಿಂದೆ ಅಲೆಯಬೇಕಾ? ಅದೇ ವಾರ ಮೂರನ್ನೂ ಬದಲಿಸಿದೆ. ಮಗಳಿಗೆ ಇನ್ನೂ ಹದಿನೆಂಟು ಆಗಿಲ್ಲವಾದ್ದರಿಂದ ಅವಳ ಪರವಾಗಿ ಹಣ ಪಡೆಯಲು ಅಕ್ಕನ ಹೆಸರೂ ಬೇಕಾಯಿತು.

ಫೀಸು ಮೊದಲೇ ಕಾಗದದಲ್ಲಿ ಬರೆದುಕೊಟ್ಟರು, ಆಮೇಲೆ ಜಾಸ್ತಿ ಕೇಳಲಿಲ್ಲ. ರಿಜಿಸ್ಟರ್ ಮಾಡಿಸಲೇಬೇಕಾ ಅಂದದ್ದಕ್ಕೆ, ಕಡ್ಡಾಯ ಅಲ್ಲ, ಮಾಡಿಸಿದರೆ ಮುಂದೆ ತಕರಾರು ಕಮ್ಮಿ ಅಂದರು. ಮಾಡಿಸಿದೆ. ಬಿಳಿ ಹಾಳೆ ಸಾಕಂತೆ, ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳು ಮಾತ್ರ ಬೇಕೇ ಬೇಕು.

ಆ ಒಂದು ಸ್ಟಾರ್ ಕಳೆದದ್ದು ಕಾಯಿಸಿದ್ದಕ್ಕಲ್ಲ. ಪಕ್ಕದ ಮನೆಯ ವಯಸ್ಸಾದ ದಂಪತಿಯನ್ನು ಸಾಕ್ಷಿಗೆ ಕರೆದುಕೊಂಡು ಹೋಗಿ ಸಹಿಗೆ ಕೂತರೆ, ಜೂನಿಯರ್ ಟೈಪ್ ಮಾಡಿದ್ದರಲ್ಲಿ ಮಗಳ ಹೆಸರಿನ ಒಂದು ಅಕ್ಷರವೇ ತಪ್ಪು. ಇಡೀ ವಿಲ್ ಇರುವುದೇ ಅವಳಿಗೋಸ್ಕರ! ಮತ್ತೆ ಪ್ರಿಂಟ್ ತೆಗೆಸಬೇಕು, ಆವತ್ತು ಕರೆಂಟ್ ಇಲ್ಲ. ಮಾರನೇ ದಿನ ಅಂಕಲ್ಲೂ ಆಂಟಿಯೂ ಮತ್ತೆ ಬಂದರು. ಈ ಸಲ ಅಂಕಲ್ಲು ಓದುವ ಕನ್ನಡಕ ತಂದಿದ್ದರು. ಸಹಿ ಹಾಕುವ ಮೊದಲು ಮಗಳ ಹೆಸರನ್ನು ಒಂದೊಂದೇ ಅಕ್ಷರ ಜೋರಾಗಿ ಓದಿಸಿದರು, ಆ ಜೂನಿಯರ್ ಕೈಲೇ.