ಹೊನ್ನಾವರದ ಹತ್ತಿರದ ಎರಡು ದಿನದ ರಿಟ್ರೀಟ್: ಹೋಗಬಹುದಾ?

ತಪಸ್ಸುಕಾಲದಲ್ಲಿ (ಈಸ್ಟರ್‌ಗೆ ಮೊದಲಿನ ದಿನಗಳು) ನಮ್ಮ ಕಥೋಲಿಕ ಚರ್ಚಿನವರು ನಡೆಸುವ ಪ್ರಾರ್ಥನಾ ಶಿಬಿರ ಇದು. ಮೊದಲೇ ಹೇಳಿಬಿಡುತ್ತೇನೆ, ಹೋಗಬಹುದು. ಪುರುಸೊತ್ತೇ ಇಲ್ಲ ಅನ್ನುವವರಂತೂ ಖಂಡಿತ ಹೋಗಬೇಕು. ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅಂತ ಮುಂದೆ ಬರೆದಿದ್ದೇನೆ.

ನಾವು ಕಾರವಾರದವರು. ದೇವಬಾಗ ಕಡೆ ಮನೆ, ಮಹಡಿ ಮೇಲೆ ಮೂರು ರೂಮಿನ ಹೋಮ್‌ಸ್ಟೇ. ತಪಸ್ಸುಕಾಲ ಬರುವುದೇ ಫೆಬ್ರವರಿ, ಮಾರ್ಚ್‌ನಲ್ಲಿ. ಆಗ ಶನಿವಾರ, ಭಾನುವಾರ ನಮ್ಮಲ್ಲಿ ಒಂದು ರೂಮೂ ಖಾಲಿ ಇರುವುದಿಲ್ಲ. ಹಾಗಾಗಿ ನಾಲ್ಕು ವರ್ಷದಿಂದ "ಈ ವರ್ಷ ಆಗಲ್ಲ ಫಾದರ್, ಮುಂದಿನ ವರ್ಷ ನೋಡೋಣ" ಅಂತಲೇ ಹೇಳುತ್ತಾ ಬಂದಿದ್ದೆ. ಈ ಸಲ ಹೆಂಡತಿ ಬಿಡಲಿಲ್ಲ. "ರೂಮು ನಾನು ನೋಡ್ಕೊಳ್ತೇನೆ, ನೀವು ಹೋಗಿ ಬನ್ನಿ. ಪೂಜೆಯಲ್ಲಿ ಕೂತಾಗಲೂ ನಿಮ್ಮ ಕೈ ಫೋನಿನ ಜೇಬಿನ ಮೇಲೇ ಇರ್ತದೆ" ಅಂದಳು. ಸುಳ್ಳು ಅನ್ನುವ ಹಾಗಿರಲಿಲ್ಲ.

ವ್ಯವಸ್ಥೆಯ ವಿಷಯ ಮೊದಲು ಮುಗಿಸುತ್ತೇನೆ. ಶನಿವಾರ ಬೆಳಿಗ್ಗೆ 9ಕ್ಕೆ ಶುರು, ಭಾನುವಾರ ಸಂಜೆ ಬಲಿಪೂಜೆ (ಮಾಸ್) ಆದಮೇಲೆ ಮುಗಿಯುತ್ತದೆ. ಊಟ, ವಸತಿ ಸೇರಿ ತಲೆಗೆ 700 ರೂಪಾಯಿ, ಕೊಡಲು ಆಗದವರನ್ನು ಯಾರೂ ಕೇಳುವುದಿಲ್ಲ. ರೂಮಿಗೆ ಇಬ್ಬರು. ಫ್ಯಾನ್ ಇದೆ, ಸೊಳ್ಳೆಪರದೆ ಇಲ್ಲ, ಬೆಡ್‌ಶೀಟ್ ನಾವೇ ಒಯ್ಯಬೇಕು. ಬೆಳಿಗ್ಗೆ ಕುಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ಮಧ್ಯಾಹ್ನ ಅನ್ನ, ತೊವ್ವೆ, ಹರಿವೆ ಸೊಪ್ಪಿನ ಪಲ್ಯ. ಆ ಹರಿವೆಯ ವಿಷಯಕ್ಕೆ ಆಮೇಲೆ ಬರುತ್ತೇನೆ. ಪ್ರವಚನ ಕನ್ನಡದಲ್ಲೇ ಇತ್ತು, ಮಧ್ಯೆ ಮಧ್ಯೆ ಕೊಂಕಣಿ. ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೆಳಗಾವಿಯಿಂದ ಬೇರೆಯಾದಾಗಿನಿಂದ ಇಡೀ ಉತ್ತರ ಕನ್ನಡ ಒಂದೇ ಮನೆ ಅಲ್ವಾ, ಹಳಿಯಾಳ, ಮುಂಡಗೋಡು, ಶಿರಸಿಯಿಂದೆಲ್ಲ ಜನ ಬಂದಿದ್ದರು. ಅವರಿಗೂ ಕಷ್ಟ ಆಗಲಿಲ್ಲ.

ಒಳಗೆ ಹೋದ ಕೂಡಲೇ ಸಿಸ್ಟರ್ ಒಂದು ಬಟ್ಟೆಚೀಲ ಕೊಡುತ್ತಾರೆ. ಫೋನ್ ಸ್ವಿಚ್ ಆಫ್ ಮಾಡಿ ಅದರೊಳಗೆ ಹಾಕಿ, ದಾರ ಬಿಗಿದು, ಹೆಸರಿನ ಚೀಟಿ ಕಟ್ಟಿ ಕಪಾಟಿನಲ್ಲಿ ಇಡಬೇಕು. ತುರ್ತು ಇದ್ದರೆ ಮನೆಯವರು ಆಫೀಸಿನ ನಂಬರಿಗೆ ಮಾಡಬಹುದು. ಕಪಾಟಿನ ಬಾಗಿಲು ಹಾಕಿದಾಗ ನನಗೆ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಹಾಗಾಯಿತು.

ಎರಡೂ ದಿನಕ್ಕೆ ಮುಖ್ಯವಾಗಿ ತೆಗೆದುಕೊಂಡಿದ್ದು ಬೈಬಲಿನ ಬಿತ್ತುವವನ ಸಾಮತಿ, ಅಂದರೆ ಯೇಸುಸ್ವಾಮಿ ಹೇಳಿದ ನೀತಿಕತೆ. ನಾಲ್ಕು ಬಗೆಯ ನೆಲದಲ್ಲಿ ಮೂರನೆಯದು, ಮುಳ್ಳುಗಿಡಗಳ ನಡುವೆ ಬಿದ್ದ ಬೀಜ. ಮುಳ್ಳು ಅಂದರೆ ಲೋಕದ ಚಿಂತೆ, ಐಶ್ವರ್ಯದ ಮೋಸ. ಚಿಕ್ಕಂದಿನಿಂದ ಕೇಳಿದ ಕತೆ. ಆದರೆ ಫಾದರ್ ಒಂದು ಮಾತು ಹೇಳಿದರು, ಅದನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ದಾರಿಯಲ್ಲಿ ಬಿದ್ದಿದ್ದನ್ನು ಹಕ್ಕಿ ತಿಂದಿತು, ಕಲ್ಲಿನ ಮೇಲೆ ಬಿದ್ದಿದ್ದು ಒಣಗಿತು. ಮುಳ್ಳಿನ ನಡುವಿನದನ್ನು ಯೇಸುಸ್ವಾಮಿ ಬಿಡಿಸಿ ಹೇಳುವಾಗ ಸತ್ತುಹೋಯಿತು ಅನ್ನುವುದಿಲ್ಲ, ಫಲ ಕೊಡಲಿಲ್ಲ ಅನ್ನುತ್ತಾರೆ. ಲೂಕನ ಶುಭಸಂದೇಶದಲ್ಲಿ ಅದು ಮಾಗಲಿಲ್ಲ ಅಂತಿದೆ. ಅಂದರೆ ಗಿಡ ಇದೆ. ಹಸಿರಾಗಿಯೂ ಇದೆ. ಪ್ರತಿ ಭಾನುವಾರ ಇಗರ್ಜಿಗೆ (ಚರ್ಚಿಗೆ) ಬರುತ್ತದೆ, ಹಬ್ಬಕ್ಕೆ ದುಡ್ಡು ಕೊಡುತ್ತದೆ, ರಾತ್ರಿ ಜಪಸರ ಹೇಳುತ್ತದೆ. ನೋಡಿದವರಿಗೆ ಏನೂ ಕೊರತೆ ಕಾಣುವುದಿಲ್ಲ. ನನ್ನ ಬಗ್ಗೆಯೇ ಹೇಳಿದ ಹಾಗಿತ್ತು.

ಅದಾದಮೇಲೆ ಅರ್ಧ ಗಂಟೆ ಮೌನ. ಕೈಗೊಂದು ನೋಟ್‌ಬುಕ್ ಕೊಟ್ಟು, ಪ್ರಾರ್ಥನೆಗೆ ಕೂತಾಗ ಮನಸ್ಸಿಗೆ ಬಂದಿದ್ದನ್ನೆಲ್ಲ ಬರೆಯಿರಿ, ಏನನ್ನೂ ತಡೆಯಬೇಡಿ ಅಂದರು. ನಾನು ಬರೆದಿದ್ದು ಇವು. ಮೇಲಿನ ಟ್ಯಾಂಕಿಗೆ ನೀರು ಏರಿಸಿದಳೋ ಇಲ್ಲವೋ. ಎರಡನೇ ರೂಮಿನ ಎಸಿ. ಪುಣೆಯ ಗೆಸ್ಟ್ ಅಡ್ವಾನ್ಸ್ ಹಾಕಿಲ್ಲ. ಪಕ್ಕದವರು ಸ್ವಿಮ್ಮಿಂಗ್ ಪೂಲ್ ಮಾಡಿಸುತ್ತಿದ್ದಾರೆ. ಸಾಲದ ಕಂತು 5ನೇ ತಾರೀಕು. ನಾಲ್ಕನೇ ರೂಮು ಕಟ್ಟಿದರೆ ಎಷ್ಟಾಗುತ್ತದೆ. ಹೀಗೆ 14 ಸಾಲು. ಮಗಳ ಪರೀಕ್ಷೆ ಇತ್ತು, ಅದು 12ನೇ ಸಾಲಿನಲ್ಲಿ ಬಂತು. ಅವ್ವನ ಮಂಡಿನೋವು ಬರಲೇ ಇಲ್ಲ. ಪ್ರಾರ್ಥನೆಗೆ ಅಂತ ಕೂತಿದ್ದೆ, ದೇವರ ಹೆಸರೂ ಆ ಹಾಳೆಯಲ್ಲಿ ಇರಲಿಲ್ಲ. ಆ ಹಾಳೆ ಈಗಲೂ ನನ್ನ ಬೈಬಲಿನೊಳಗೆ ಇದೆ.

ಇನ್ನು ಹರಿವೆ. ಶನಿವಾರ ಸಂಜೆ ಒಂದು ಗಂಟೆ ಎಲ್ಲರೂ ಕೈಕೆಲಸ ಮಾಡಬೇಕು. ನನಗೆ ಸಿಕ್ಕಿದ್ದು ಬಾವಿಯ ಪಕ್ಕದ ಹರಿವೆ ಮಡಿಯ ಕಳೆ ಕೀಳುವ ಕೆಲಸ. ವಯಸ್ಸಾದ ಸಿಸ್ಟರ್ ಒಬ್ಬರು ಜೊತೆಗಿದ್ದರು. ನಾನು ಒಂದು ಗಿಡ ಬಿಟ್ಟು ಮುಂದೆ ಹೋದೆ, "ಅದು ಮುಳ್ಳುಹರಿವೆ, ಕೀಳು" ಅಂದರು. ನೋಡಿದರೆ ಥೇಟ್ ಹರಿವೆಯೇ! ಅದೇ ಎಲೆ, ಅದೇ ಬಣ್ಣ. ಅವರು ಪಕ್ಕದ ದೊಡ್ಡ ಗಿಡದ ಎಲೆ ಎತ್ತಿ ತೋರಿಸಿದರು, ಎಲೆ ಕಾಂಡಕ್ಕೆ ಕೂಡುವ ಸಂದಿಯಲ್ಲಿ ಎರಡೆರಡು ಸೂಜಿಯಂಥ ಮುಳ್ಳು. ಸಣ್ಣದಿರುವಾಗ ಗೊತ್ತೇ ಆಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಬೇರು ಗಟ್ಟಿ ಆಗಿರುತ್ತದೆ, ಎಳೆದರೆ ಪಕ್ಕದ ಒಳ್ಳೆ ಗಿಡವೂ ಕಿತ್ತು ಬರುತ್ತದೆ ಅಂದರು. ಅವರು ಸೊಪ್ಪಿನ ಬಗ್ಗೆ ಮಾತ್ರ ಹೇಳಿದ್ದು. ನನಗೆ ನನ್ನ ನಾಲ್ಕನೇ ರೂಮು ನೆನಪಾಯಿತು. ಮೊದಲ ರೂಮು ಕಟ್ಟಿದ್ದು ಮನೆ ನಡೆಸುವುದಕ್ಕೆ, ಅದು ಜವಾಬ್ದಾರಿ. ಆ ಜವಾಬ್ದಾರಿ ಯಾವಾಗ ಚಿಂತೆ ಆಯಿತು, ಚಿಂತೆ ಯಾವಾಗ ಆಸೆ ಆಯಿತು ಅಂತ ನನಗೆ ಹೇಳಲು ಬರುವುದಿಲ್ಲ. ಎಲೆ ಒಂದೇ ಥರ ಇತ್ತು.

ಭಾನುವಾರ ಬೆಳಿಗ್ಗೆಯ ಪ್ರಶ್ನೋತ್ತರ ಎಲ್ಲಕ್ಕಿಂತ ಚೆನ್ನಾಗಿತ್ತು. ತದಡಿಯಲ್ಲಿ ಮೀನುಗಾರಿಕೆ ಬೋಟಿಗೆ ಹೋಗುವ ಒಬ್ಬರು ಎದ್ದು ನಿಂತು ಕೇಳಿದರು. "ಫಾದರ್, ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ, ಬೋಟ್ ಬಂದ್. ಚಿಂತೆ ಮಾಡಬೇಡ ಅಂತ ಯೇಸುಸ್ವಾಮಿ ಹೇಳ್ತಾರೆ, ಅಂಗಡಿಯವನು ಕೇಳ್ತಾನಾ?" ಹಾಲ್ ಪೂರ್ತಿ ಸುಮ್ಮನಾಯಿತು. ಫಾದರ್ ತಕ್ಷಣ ಉತ್ತರ ಕೊಡಲಿಲ್ಲ, ಅದು ನನಗೆ ಇಷ್ಟವಾಯಿತು. ಆಮೇಲೆ ಹೇಳಿದರು. ಸಾಮತಿಯಲ್ಲಿ ಚಿಂತೆಯೂ ಐಶ್ವರ್ಯದ ಮೋಸವೂ ಒಂದೇ ಉಸಿರಿನಲ್ಲಿ ಬರುತ್ತವೆ, ಇಲ್ಲದವನನ್ನು ಒಂದು ಹಿಡಿಯುತ್ತದೆ, ಇದ್ದವನನ್ನು ಇನ್ನೊಂದು. ಮತ್ತಾಯ 6ರಲ್ಲಿ ಚಿಂತಿಸಬೇಡಿ ಅನ್ನುವುದಕ್ಕೆ ಮೊದಲೇ, ದೇವರು ಮತ್ತು ಹಣ ಇಬ್ಬರಿಗೂ ಆಳಾಗಲು ಆಗದು ಅನ್ನುವ ಮಾತಿದೆ. ಅದೇ ಅಧ್ಯಾಯದಲ್ಲಿ ನಾವು ದಿನಾ ಹೇಳುವ ಪ್ರಾರ್ಥನೆಯೂ ಇದೆ, ಅಲ್ಲಿ ರೊಟ್ಟಿ ಕೇಳುವುದು ನನಗೆ ಅಂತ ಅಲ್ಲ, ನಮಗೆ ಅಂತ. ಹಾಗಾದರೆ ಜೂನ್ ತಿಂಗಳಲ್ಲಿ ನಿನ್ನ ಚಿಂತೆ ನಿನ್ನೊಬ್ಬನದೇ ಆಗಿದ್ದರೆ ತಪ್ಪು ನಿನ್ನ ನಂಬಿಕೆಯದಲ್ಲ, ಪಕ್ಕದ ಬೆಂಚಿನಲ್ಲಿ ಕೂತವರದ್ದು. ಮೊದಲ ಕ್ರೈಸ್ತ ಸಭೆಯವರು ಆಸ್ತಿ ಮಾರಿ ಅಗತ್ಯ ಇದ್ದವರಿಗೆ ಹಂಚುತ್ತಿದ್ದರು ಅಂತ ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬರೆದಿದೆ ಅಂದರು. ಪಕ್ಕದ ಬೆಂಚಿನಲ್ಲಿ ಕೂತಿದ್ದವನು ನಾನು.

ಹೊರಗಿನಿಂದ ಬಂದ ಇನ್ನೊಬ್ಬರ ಪ್ರವಚನ ನನಗೆ ಅಷ್ಟು ಹಿಡಿಸಲಿಲ್ಲ. ದುಡ್ಡೇ ಎಲ್ಲ ಕೆಡುಕಿಗೆ ಮೂಲ ಅಂತ ಗಟ್ಟಿ ದನಿಯಲ್ಲಿ ಹೇಳಿದರು. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಇರುವುದು ಹಾಗಲ್ಲ, ಹಣದ ಆಸೆ ಅಂತ ಇದೆ. ಸಣ್ಣ ವ್ಯತ್ಯಾಸ ಅಲ್ಲ ಅದು. ಲೂಕ 18ರಲ್ಲಿ ಎಲ್ಲವನ್ನೂ ಮಾರು ಅಂತ ಕೇಳಿಸಿಕೊಂಡ ಶ್ರೀಮಂತ ದುಃಖಪಟ್ಟ. ಮುಂದಿನ ಅಧ್ಯಾಯದಲ್ಲೇ ಸುಂಕ ವಸೂಲಿಯ ಶ್ರೀಮಂತ ಸಕ್ಕಾಯ ಇದ್ದಾನೆ, ಯಾರೂ ಕೇಳದೆ ಅರ್ಧ ಆಸ್ತಿ ಬಡವರಿಗೆ, ಮೋಸ ಮಾಡಿದ್ದಕ್ಕೆ ನಾಲ್ಕು ಪಟ್ಟು ವಾಪಸ್ ಅಂತ ತಾನೇ ಹೇಳುತ್ತಾನೆ. ಖುಷಿಯಿಂದ ಹೇಳುತ್ತಾನೆ. ವ್ಯಾಪಾರ ಮಾಡುವ ನಮ್ಮಂಥವರಿಗೆ ಆ ಕತೆ ಬೇಕಿತ್ತು. ಒಂದು ಸಾಲಿನಲ್ಲಿ ಮುಗಿಸಿಬಿಟ್ಟರು.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಬೇರೆ ಕಾರಣಕ್ಕೆ. ದೊಡ್ಡ ಕಣಜ ಕಟ್ಟಲು ಹೊರಟು ಆ ರಾತ್ರಿಯೇ ಪ್ರಾಣ ಬಿಡಬೇಕಾದ, ಬೈಬಲಿನ ಶ್ರೀಮಂತನ ಕತೆ ಮುಗಿದು ಐದು ನಿಮಿಷವೂ ಆಗಿರಲಿಲ್ಲ, ಹೊಸ ಹಾಲ್ ಕಟ್ಟಡಕ್ಕೆ ಅಂತ ಕವರ್ ಹಂಚಿದರು. ಹಾಲ್ ಬೇಕಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಮನಸ್ಸು ಆಗಷ್ಟೇ ತೆರೆದುಕೊಂಡಿತ್ತು, ಜನ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಹೊತ್ತಿಗೆ ಕವರ್ ಬರಬಾರದಿತ್ತು. ಬೋಟಿನವರ ಕೈಯಲ್ಲೂ ಒಂದು ಕವರ್ ಇತ್ತು, ಅದನ್ನು ನೋಡಿ ನನಗೆ ಬಹಳ ನೋವಾಯಿತು. ಆಯೋಜಕರಿಗೆ ನೇರವಾಗಿ ಹೇಳಿದ್ದೇನೆ, ಬಾಗಿಲ ಹತ್ತಿರ ಒಂದು ಡಬ್ಬ ಇಡಿ ಸಾಕು ಅಂತ. ಇನ್ನೊಂದು, ಪಾಪನಿವೇದನೆಗೆ ಇಬ್ಬರೇ ಫಾದರ್ ಇದ್ದರು. ಸಾಲು ಜಾಸ್ತಿ, ವಯಸ್ಸಾದವರಿಗೆ ಕುರ್ಚಿ ಹಾಕಿರಲಿಲ್ಲ.

ಸಂಜೆ ಚೀಲ ಬಿಚ್ಚಿ ಫೋನ್ ಆನ್ ಮಾಡಿದೆ. 23 ಮಿಸ್ಡ್ ಕಾಲ್ ಅಂತ ಮೆಸೇಜ್ ಬಂತು. ಬಸ್ಸು ಕುಮಟಾ ದಾಟುವವರೆಗೆ ತೆಗೆದು ನೋಡಲಿಲ್ಲ, ಮೊದಲು ಅವ್ವನಿಗೆ ಮಾಡಿದೆ. ನಾಲ್ಕನೇ ರೂಮಿನ ಪ್ಲಾನ್ ಸದ್ಯಕ್ಕೆ ಕಪಾಟಿನಲ್ಲಿದೆ, ಕಟ್ಟುವುದೇ ಇಲ್ಲ ಅಂತ ಹೇಳುವಷ್ಟು ಧೈರ್ಯ ಇನ್ನೂ ಬಂದಿಲ್ಲ. ಬೋಟಿನವರ ನಂಬರ್ ತೆಗೆದುಕೊಂಡಿದ್ದೇನೆ, ಜೂನ್‌ನಲ್ಲಿ ಮಾಡಬೇಕು.

ಹೋಗುವವರು ಟಾರ್ಚ್, ಬೆಡ್‌ಶೀಟ್, ಸೊಳ್ಳೆಬತ್ತಿ ತೆಗೆದುಕೊಂಡು ಹೋಗಿ. ನಿಮ್ಮ ಇಗರ್ಜಿಯ ಆಫೀಸಿನಲ್ಲಿ ಮೊದಲೇ ಹೆಸರು ಬರೆಸಿ, ಸೀಟು ಬೇಗ ತುಂಬುತ್ತದೆ. ಮುಂದಿನ ವರ್ಷ ನಾವಿಬ್ಬರೂ ಹೋಗುತ್ತೇವೆ. ಆ ಶನಿವಾರ, ಭಾನುವಾರ ಮೂರೂ ರೂಮು ಬಂದ್.