ತಗಡಿನ ಬಾಕ್ಸೋ, ಪಿವಿಸಿ ಬಾಕ್ಸೋ: ಮಲ್ಪೆ ಗಾಳಿಯಲ್ಲಿ ಒಂಬತ್ತು ವರ್ಷ ಬಳಸಿದ ಮೇಲೆ

ಸ್ವಿಚ್ಚನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು. ಸ್ವಿಚ್ ಬೋರ್ಡಿನ ಹಿಂದೆ ಗೋಡೆಯೊಳಗೆ ಕೂತ ಬಾಕ್ಸ್ ತೆಗೆಯಬೇಕಾದರೆ ಗೋಡೆಯನ್ನೇ ಒಡೆಯಬೇಕು. ಆದರೂ ಮನೆ ಕಟ್ಟುವಾಗ ಸ್ವಿಚ್ಚಿನ ಬಣ್ಣಕ್ಕೆ ಎರಡು ದಿನ ಅಂಗಡಿ ಸುತ್ತಿದೆವು, ಬಾಕ್ಸ್ ಯಾವುದು ಅಂತ ಯಾರೂ ಕೇಳಲಿಲ್ಲ.

ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿದೆ. ಕೆಂಪು ಕಲ್ಲಿನ ಗೋಡೆ, ಮೇಲೆ ಸಿಮೆಂಟ್ ಸಾರಣೆ. ಒಂಬತ್ತು ವರ್ಷದ ಹಿಂದೆ ಕೆಳಗಿನ ಮನೆಗೆ ಜಿಐ ಬಾಕ್ಸ್ ಹಾಕಿಸಿದೆವು, ಅಂದರೆ ಸತುವಿನ ಲೇಪ ಇರುವ ತಗಡಿನದ್ದು. ಐದು ವರ್ಷದ ಹಿಂದೆ ಮಹಡಿ ಕಟ್ಟಿದಾಗ ಪಿವಿಸಿ ಬಾಕ್ಸ್, ಅಂದರೆ ಪ್ಲಾಸ್ಟಿಕ್ಕಿನದ್ದು. ಎರಡೂ ಒಂದೇ ಉಪ್ಪುಗಾಳಿ, ಒಂದೇ ಮಳೆ ಕಂಡಿವೆ.

ತಗಡಿನ ಬಾಕ್ಸ್ ಮೊದಲ ನಾಲ್ಕು ವರ್ಷ ಏನೂ ತೊಂದರೆ ಕೊಡಲಿಲ್ಲ. ಐದನೇ ಮಳೆಗಾಲದಲ್ಲಿ ಒಂದು ದಿನ ಅಮ್ಮ, "ಹಾಲ್‌ನ ಬೋರ್ಡ್ ಮುಟ್ಟಿದ್ರೆ ಜುಂ ಅಂತದೆ" ಎಂದರು. ಅದು ಪಡುಗೋಡೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ನೇರ ಅಲ್ಲಿಗೇ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಬಂದು ಮೈನ್ ಆಫ್ ಮಾಡಿ ಪ್ಲೇಟ್ ಬಿಚ್ಚಲು ಹೋದರೆ ಒಂದು ಸ್ಕ್ರೂ ಅರ್ಧಕ್ಕೇ ಮುರಿಯಿತು. ಒಳಗೆ ಬಾಕ್ಸಿನ ತಳದಲ್ಲಿ ಕೆಂಪು ತುಕ್ಕಿನ ಪುಡಿ. ಮೂಲೆಯಲ್ಲಿ ಹಲ್ಲಿಯ ಎರಡು ಮೊಟ್ಟೆ, ಬಿಳಿ ಗುಳಿಗೆಯ ಹಾಗೆ ಅಂಟಿಕೊಂಡಿದ್ದವು. ವೈರ್ ಪೈಪ್ ಇಲ್ಲದ ಕಡೆಯ ತೂತನ್ನೂ ತೆರೆದು ಹಾಗೇ ಬಿಟ್ಟಿದ್ದರು. ಇನ್ನೊಂದು ತೂತಿನ ಹರಿತ ಅಂಚಿಗೆ ಫೇಸ್ ವೈರ್, ಅಂದರೆ ಕರೆಂಟ್ ಬರುವ ವೈರ್, ಉಜ್ಜಿ ಇನ್ಸುಲೇಷನ್ ಸೀಳಿತ್ತು.

"ಬಾಕ್ಸಿಗೆ ಅರ್ತ್ ಕೊಟ್ಟೇ ಇಲ್ಲ ಮಾರಾಯ್ರೆ" ಎಂದರು ಅವರು.

ನನಗೆ ನಿಜಕ್ಕೂ ಭಯವಾದದ್ದು ಆಗಲೇ. ವೈರ್ ತಾಗಿ ಇಡೀ ಬಾಕ್ಸಿಗೆ ಕರೆಂಟ್ ಬಂದಿತ್ತು. ಪ್ಲೇಟ್ ಪ್ಲಾಸ್ಟಿಕ್ಕಿನದ್ದಾದರೂ ಅದರ ಸ್ಕ್ರೂ ನೇರ ಬಾಕ್ಸಿಗೇ ಹೋಗುತ್ತದೆ, ಅಲ್ವಾ? ಅಮ್ಮನ ಬೆರಳು ತಾಗಿದ್ದು ಆ ಸ್ಕ್ರೂಗೆ. ಅರ್ತ್ ವೈರ್ ಇದ್ದಿದ್ದರೆ ಕರೆಂಟ್ ಆ ದಾರಿ ಹಿಡಿದು ನೆಲಕ್ಕೆ ಹೋಗುತ್ತಿತ್ತು. ಅದೇ ವಾರ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್ ಅದು. ತಗಡಿನ ಬಾಕ್ಸ್ ಹಾಕುವುದಾದರೆ ಪ್ರತಿಯೊಂದಕ್ಕೂ ಅರ್ತ್ ವೈರ್, ಪ್ರತಿ ತೂತಿಗೂ ಬುಷ್, ಅಂದರೆ ಅಂಚು ವೈರಿಗೆ ತಾಗದ ಹಾಗೆ ಕೂರಿಸುವ ಉಂಗುರ. ಸಾರಣೆಗೆ ಮೊದಲೇ ನಿಂತು ನೋಡಿ.

ಮಹಡಿಯ ಪಿವಿಸಿ ಬಾಕ್ಸ್‌ಗಳಿಗೆ ತುಕ್ಕಿಲ್ಲ, ಜುಂ ಇಲ್ಲ. ಆದರೆ ಅದಕ್ಕೂ ಅದರದೇ ಕಷ್ಟ ಇದೆ. ಗಾರೆ ತುಂಬುವಾಗ ಮೇಸ್ತ್ರಿ ಬದಿಯಿಂದ ಜಾಸ್ತಿ ಒತ್ತಿದರೆ ಬಾಕ್ಸ್ ಒಳಗೆ ಬಾಗುತ್ತದೆ, ಆಮೇಲೆ ಪ್ಲೇಟ್ ಕೂರುವುದಿಲ್ಲ. ನಮ್ಮಲ್ಲಿ ಎರಡು ಹಾಗಾದವು. ಅಗ್ಗದ ಬಾಕ್ಸಿನಲ್ಲಿ ಸ್ಕ್ರೂ ಹೋಗುವ ಕಿವಿ ಬರೀ ಪ್ಲಾಸ್ಟಿಕ್, ನಾಲ್ಕು ಸಲ ಬಿಚ್ಚಿ ಹಾಕಿದರೆ ಒಳಗಿನ ತಿರುಪಿನ ಗೆರೆ ಸವೆದುಹೋಗುತ್ತದೆ. ಕಿವಿಯಲ್ಲಿ ಹಿತ್ತಾಳೆಯ ತುಂಡು ಕೂರಿಸಿದ್ದು ಸಿಗುತ್ತದೆ, ಅದನ್ನೇ ಕೇಳಿ. ಇಂಥ ಬಾಕ್ಸ್‌ಗಳಿಗೆ ಐಎಸ್ 14772 ಎಂಬ ಭಾರತೀಯ ಮಾನಕವೂ ಇದೆ, ಕೊಳ್ಳುವಾಗ ಆ ನಂಬರ್ ಹುಡುಕಿ. ಗೋಡೆಯಲ್ಲಿ ಕೂರಿಸುವಾಗ ಒಳಗೆ ಥರ್ಮಾಕೋಲ್ ತುಂಬಿಸಿ. ಬಾಕ್ಸ್ ಬಾಗುವುದೂ ತಪ್ಪುತ್ತದೆ, ಗಾರೆಯೂ ಒಳಗೆ ಹೋಗುವುದಿಲ್ಲ. ರಸಮಟ್ಟ ಇಟ್ಟು ನೋಡಿ. ಬಾಕ್ಸಿನ ಅಂಚು ಕಲ್ಲಿಗಲ್ಲ, ಸಾರಣೆ ಮುಗಿದ ಮೇಲಿನ ಮಟ್ಟಕ್ಕೆ ಸರಿಯಾಗಿರಬೇಕು.

ಇನ್ನು ಅಳತೆ. ಒಂದು ಸಣ್ಣ ಸ್ವಿಚ್ ಕೂರುವಷ್ಟು ಜಾಗಕ್ಕೆ ಒಂದು ಮಾಡ್ಯುಲ್ ಅನ್ನುತ್ತಾರೆ. ಆರು ಮಾಡ್ಯುಲ್ ಸಾಕು ಅನಿಸಿದ ಕಡೆ ಎಂಟರದ್ದು ಹಾಕಿ, ಖಾಲಿ ಜಾಗ ಮುಚ್ಚಲು ಡಮ್ಮಿ ಸಿಗುತ್ತದೆ. ಎಂಟರಲ್ಲಿ ಉದ್ದದ್ದು, ಚೌಕದ್ದು ಎರಡೂ ಇವೆ, ಒಂದರ ಪ್ಲೇಟ್ ಇನ್ನೊಂದಕ್ಕೆ ಆಗುವುದಿಲ್ಲ. ಹಾಗಾಗಿ ಅಂಗಡಿಯಲ್ಲೇ ಪ್ಲೇಟ್ ಇಟ್ಟು ನೋಡಿ ತನ್ನಿ. ಎಸಿ, ಗೀಸರ್ ಪಾಯಿಂಟಿಗೆ ಆಳದ ಬಾಕ್ಸೇ ಬೇಕು. 4 ಚದರ ಮಿ.ಮೀ. ವೈರ್ ದಪ್ಪ, ಸುಲಭವಾಗಿ ಬಾಗುವುದಿಲ್ಲ. ಕಡಿಮೆ ಆಳದ ಬಾಕ್ಸಿನಲ್ಲಿ ಒತ್ತಿ ತುರುಕಿದರೆ ಸಾಕೆಟ್‌ನ ಹಿಂದೆ ಟರ್ಮಿನಲ್ ಸಡಿಲವಾಗಿ ಬಿಸಿಯಾಗುತ್ತದೆ.

ನಮ್ಮ ಊರಿನವರಿಗೆ ಇನ್ನೊಂದು ಮಾತು ಹೇಳಲೇಬೇಕು. ಮುಂದೆ ಸೋಲಾರ್ ಹಾಕಲು ಬೇಕು ಅಂತ ತಾರಸಿಗೆ ಒಂದು ಪೈಪ್ ಬಿಟ್ಟಿದ್ದೆವು, ಬಾಯಿ ಮೇಲಕ್ಕೆ. ಮಳೆ ನೀರು ಅದರೊಳಗೆ ಇಳಿದು ಮೆಟ್ಟಿಲ ಹತ್ತಿರದ ಬೋರ್ಡಿನಿಂದ ಹನಿ ಹನಿಯಾಗಿ ಬಂತು. ಬಾಕ್ಸ್ ಯಾವುದಾದರೇನು, ಮೇಲಿನಿಂದ ನೀರು ಬಂದರೆ ಎರಡೂ ಒಂದೇ. ಈಗ ಬೆಂಡ್ ಹಾಕಿ ಬಾಯಿ ಕೆಳಕ್ಕೆ ತಿರುಗಿಸಿ, ಮುಚ್ಚಳ ಕೊಟ್ಟಿದ್ದೇವೆ. ಜಗಲಿಯ ಹೊರಗೆ ರಬ್ಬರ್ ಪಟ್ಟಿ ಇರುವ ವೆದರ್‌ಪ್ರೂಫ್ ಬಾಕ್ಸ್, ವೈರ್ ಕೆಳಗಿನಿಂದಲೇ ಒಳಹೋಗುತ್ತದೆ. ಮೂರು ಮಳೆಗಾಲ ಕಳೆದರೂ ಒಳಗೆ ಒಣಗಿಯೇ ಇದೆ.

ಐದರಲ್ಲಿ ಪಿವಿಸಿಗೆ ನನ್ನ ಲೆಕ್ಕ ನಾಲ್ಕು, ತಗಡಿಗೆ ಎರಡು. ಒಳನಾಡಿನ ಒಣ ಗೋಡೆಯಲ್ಲಿ ಸರಿಯಾಗಿ ಅರ್ತ್ ಮಾಡಿದ ತಗಡಿನ ಬಾಕ್ಸ್ ಹೆಚ್ಚು ಗಟ್ಟಿ ಇರಬಹುದು, ನಾನು ಹೇಳುತ್ತಿರುವುದು ಕಡಲ ಬದಿಯ ಮನೆಗೆ. ಪಡುಗೋಡೆಯಲ್ಲಿ ಇನ್ನೂ ಮೂರು ತಗಡಿನ ಬಾಕ್ಸ್ ಉಳಿದಿವೆ. ಸದ್ಯಕ್ಕೆ ಅರ್ತ್ ಕೊಟ್ಟಿದ್ದೇವೆ. ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ ಅವನ್ನೂ ತೆಗೆಸುತ್ತೇವೆ.