ಥೇಮ್ಸ್ ದಂಡೆಯೋ, ಸೇನ್ ದಂಡೆಯೋ?

ನದಿಯ ಪಕ್ಕದಲ್ಲಿ ನಡೆಯುತ್ತ ಇತಿಹಾಸವನ್ನು ಅರಿಯಬಯಸುವವರು ಇಂಗ್ಲೆಂಡಿನ ಥೇಮ್ಸ್ ಮತ್ತು ಪ್ಯಾರಿಸ್ಸಿನ ಸೇನ್ ದಂಡೆಗಳ ನಡುವೆ ಆರಿಸಿಕೊಳ್ಳುವಾಗ, ಮೊದಲು ತಮ್ಮ ಕೈಯಲ್ಲಿ ಎಷ್ಟು ದಿನಗಳಿವೆ ಎಂಬುದನ್ನು ನೋಡಿಕೊಳ್ಳಬೇಕು. ಒಂದೇ ದಿನವಿದ್ದರೆ ಸೇನ್ ದಂಡೆಯೇ ಸರಿ. 1991ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಭಾಗದಲ್ಲಿ ನೋತ್ರ್ ದಾಮ್ ಚರ್ಚು, ಲೂವ್ರ್ ವಸ್ತುಸಂಗ್ರಹಾಲಯ ಮತ್ತು ಐಫೆಲ್ ಗೋಪುರ ಒಂದೇ ನಡಿಗೆಯಲ್ಲಿ ಸಿಗುತ್ತವೆ. 'ಹೊಸ ಸೇತುವೆ' ಎಂಬ ಅರ್ಥದ ಹೆಸರುಳ್ಳ, 1607ರಲ್ಲಿ ಪೂರ್ಣಗೊಂಡ ಪೊಂ ನಫ್, ಇಂದು ಆ ನಗರದಲ್ಲಿ ಉಳಿದಿರುವ ಸೇತುವೆಗಳಲ್ಲೆಲ್ಲ ಹಳೆಯದು.

ನನ್ನ ಒಲವು ಮಾತ್ರ ಥೇಮ್ಸ್ ಕಡೆಗೆ. 1996ರಲ್ಲಿ ರಾಷ್ಟ್ರೀಯ ಕಾಲುದಾರಿಯಾಗಿ ತೆರೆದ, ಸುಮಾರು 300 ಕಿ.ಮೀ. ಉದ್ದದ ಈ ಹಾದಿಯು ನದಿಯ ಉಗಮದ ಹುಲ್ಲುಗಾವಲಿನಿಂದ ಹೊರಟು, ಅರಸನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಸನ್ನದು 1215ರಲ್ಲಿ ಒಪ್ಪಿತವಾದ ರನ್ನಿಮೀಡ್ ಬಯಲನ್ನು ಹಾದು ಲಂಡನ್ ತಲುಪುತ್ತದೆ. ಅಲ್ಲಿ ಸಮುದ್ರದ ಇಳಿತದ ಹೊತ್ತಿನಲ್ಲಿ ನದಿಯ ನೀರು ಹಿಂದೆ ಸರಿದಾಗ, ಶತಮಾನಗಳ ಹಿಂದೆ ಯಾರೋ ತಂಬಾಕು ಸೇದಿ ಎಸೆದ ಮಣ್ಣಿನ ಚಿಲುಮೆಯ ಬಿಳಿ ತುಂಡುಗಳು ಕೆಸರಿನಲ್ಲಿ ಕಾಣುತ್ತವೆ. ಅರಮನೆಗಳು ಹೇಳದ ಸಾಮಾನ್ಯರ ಬದುಕನ್ನು ಅವು ಹೇಳುತ್ತವೆ. ಆದರೆ ಪರವಾನಗಿಯಿಲ್ಲದೆ ಅಲ್ಲಿ ಹುಡುಕುವುದಾಗಲಿ, ಸಿಕ್ಕಿದ್ದನ್ನು ಎತ್ತಿಕೊಳ್ಳುವುದಾಗಲಿ ಕೂಡದು.